ಹೋಟೆಲ್ ಫ್ರಿಜ್ಜಿನ ಕರೆಂಟು ಖರ್ಚು ಇಳಿಸಿದ್ದು ಹೀಗೆ

ನಮ್ಮದು ದಾವಣಗೆರೆಯಲ್ಲಿ ಸೌದೆ ಒಲೆಯ ಬೆಣ್ಣೆ ದೋಸೆ ಹೋಟೆಲು. ಗ್ರೈಂಡರು ಓಡುವುದು ದಿನಕ್ಕೆ ಕೆಲವೇ ತಾಸು. ಬೆಸ್ಕಾಂ ಬಿಲ್ಲಿನ ದೊಡ್ಡ ಪಾಲು ನಾಲ್ಕು ಬಾಗಿಲಿನ ಸ್ಟೀಲ್ ಫ್ರಿಜ್ಜಿನದು. ಹಿಟ್ಟು, ಬೆಣ್ಣೆ, ಹಾಲು, ಪಲ್ಯದ ಆಲೂಗಡ್ಡೆ ಎಲ್ಲ ಅದರೊಳಗೇ. ಬೇಸಿಗೆ ಬಂತೆಂದರೆ ಅದರ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ) ಕಟ್-ಆಫ್ ಆಗುವುದನ್ನೇ, ಅಂದರೆ ಸಾಕಷ್ಟು ತಂಪಾದಾಗ ತಾನೇ ನಿಲ್ಲುವುದನ್ನೇ, ಮರೆಯುತ್ತಿತ್ತು.

ನೋಡಲು ಬಂದ ಮೆಕ್ಯಾನಿಕ್ ಕೈಚೀಲ ಇಳಿಸುವ ಮೊದಲೇ "ಗ್ಯಾಸ್ ಹಾಕಬೇಕು ಅಣ್ಣ" ಅಂದ. ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿರಬೇಕು, ಆ ಜಾಗ ಹುಡುಕದೆ ತುಂಬಿಸಿದ್ದು ಮತ್ತೆ ಹೊರಗೇ ಹೋಗುತ್ತದೆ. ನಮ್ಮದರಲ್ಲಿ ರಾತ್ರಿ ಹೊತ್ತು 4 ಡಿಗ್ರಿಗೆ ಇಳಿಯುತ್ತಲೇ ಇತ್ತು. ಅವನಿಗೊಂದು ಟೀ ಕುಡಿಸಿ ಕಳಿಸಿದೆ.

ಎಲೆಕ್ಟ್ರಿಕಲ್ ಅಂಗಡಿಯಿಂದ ಸಬ್-ಮೀಟರ್ ತಂದು ಫ್ರಿಜ್ಜಿನ ಲೈನಿಗೆ ಮಾತ್ರ ಹಾಕಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ 15 ಯೂನಿಟ್ ತೋರಿಸಿತು. ಇಂಥ ಅಳತೆ ಅಕ್ಕಪಕ್ಕದ ವಾರಗಳಲ್ಲೇ ಆಗಬೇಕು. ಏಪ್ರಿಲ್ಲಿನ ರೀಡಿಂಗನ್ನು ಆಷಾಢದ ರೀಡಿಂಗಿಗೆ ಹೋಲಿಸಿದರೆ ಏನೂ ಮಾಡದಿದ್ದರೂ ಉಳಿತಾಯ ಕಾಣುತ್ತದೆ.

ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಆ ಬಿಸಿಯನ್ನು ಹೊರಹಾಕುವುದು ಕಂಡೆನ್ಸರ್ ಕಾಯಿಲ್. ನಮ್ಮ ಮಷಿನ್ನಿನಲ್ಲಿ ಅದು ಕೆಳಗಡೆ, ಮುಂದಿನ ಜಾಲರಿಯ ಹಿಂದೆ ಇದೆ. ಜಾಲರಿ ಬಿಚ್ಚಿದರೆ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣಲಿಲ್ಲ. ಸೌದೆಯ ಬೂದಿ, ಹಿಟ್ಟಿನ ಪುಡಿ, ಹಂಚಿನಿಂದ ಏಳುವ ಬೆಣ್ಣೆಯ ಹಬೆ ಮೂರೂ ಕೂಡಿ ಕಂಬಳಿಯಾಗಿತ್ತು. ಬೇರೆ ಅಂಗಡಿಗಳಲ್ಲಿ ಬರೀ ಧೂಳಾದರೆ ಬ್ರಷ್, ಬ್ಲೋವರ್ ಸಾಕು. ಜಿಡ್ಡು ಸೇರಿದ ಕೊಳೆಗೆ ಬ್ಲೋವರ್ ಹೊಡೆದರೆ ಅದು ಇನ್ನಷ್ಟು ಒಳಗೆ ಕೂರುತ್ತದೆ. ಮೇನ್ ಸ್ವಿಚ್ ತೆಗೆದು, ಫ್ಯಾನಿನ ಮೋಟಾರಿಗೆ, ವೈರಿಂಗಿಗೆ ಪ್ಲಾಸ್ಟಿಕ್ ಸುತ್ತಿ, ಕಾಯಿಲ್ ಕ್ಲೀನರ್ ಸಿಂಪಡಿಸಿ, ನೆನೆಯಲು ಬಿಟ್ಟು, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟೆವು. ನೀರಿನ ರಭಸ ಹೆಚ್ಚಾದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಮಡಚಿದ್ದನ್ನು ಬಾಚಣಿಗೆಯಂಥ ಒಂದು ಸಾಧನದಿಂದ ನೆಟ್ಟಗೆ ಮಾಡಬಹುದು, ಆದರೆ ಅದಕ್ಕೆ ಸಿಕ್ಕಾಪಟ್ಟೆ ತಾಳ್ಮೆ ಬೇಕು. ಅವತ್ತು ಸಂಜೆ ಕಂಪ್ರೆಸರ್ ಕಟ್-ಆಫ್ ಆದ ಸದ್ದು ಕೇಳಿ ಹುಡುಗರು ಫ್ರಿಜ್ಜೇ ಕೆಟ್ಟಿತು ಅಂದುಕೊಂಡರು.

ಎರಡನೆಯದು ಜಾಗ. ಫ್ರಿಜ್ಜು ನಿಂತಿದ್ದು ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಜಾಲರಿಯ ಮುಂದೆ ಥರ್ಮಾಮೀಟರ್ ಇಟ್ಟರೆ 42 ಡಿಗ್ರಿ, ಹಿಂದಿನ ಉಗ್ರಾಣದಲ್ಲಿ 32. ಕಂಡೆನ್ಸರ್ ಒಂದೊಂದು ಡಿಗ್ರಿ ಹೆಚ್ಚು ಬಿಸಿಯಾದಂತೆ ಕಂಪ್ರೆಸರಿನ ಖರ್ಚು ಶೇಕಡಾ 2ರಿಂದ 3ರಷ್ಟು ಏರುತ್ತದೆ. ಹತ್ತು ಡಿಗ್ರಿಯ ಲೆಕ್ಕ ನೀವೇ ಹಾಕಿ. ಉಗ್ರಾಣಕ್ಕೆ ಸಾಗಿಸೋಣ ಅಂದರೆ ಭಟ್ಟರು ಒಪ್ಪಲಿಲ್ಲ: "ಹಿಟ್ಟಿಗೊಂದ್ಸಲ, ಬೆಣ್ಣೆಗೊಂದ್ಸಲ ನಾನು ಓಡ್ತಾ ಇದ್ರೆ ಹಂಚಿನ ಮೇಲೆ ದೋಸೆ ಯಾರು ನೋಡ್ತಾರೆ?" ನ್ಯಾಯವಾದ ಮಾತು. ಅದಕ್ಕೇ ಫ್ರಿಜ್ಜನ್ನು ಉಗ್ರಾಣಕ್ಕೆ ಸಾಗಿಸುವುದರ ಜೊತೆಗೆ, ದೊಡ್ಡ ಡಬರಿ ಬಿಟ್ಟು, ಒಂದು ತಾಸಿಗೆ ಆಗುವಷ್ಟು ಹಿಟ್ಟು ಹಿಡಿಯುವ ಸಣ್ಣ ಪಾತ್ರೆಗಳಿಗೆ ಬದಲಾಯಿಸಿದೆವು. ತಾಸಿಗೊಮ್ಮೆ ಹುಡುಗ ಒಂದು ಪಾತ್ರೆ, ಒಂದು ಮುದ್ದೆ ಬೆಣ್ಣೆ ತಂದಿಡುತ್ತಾನೆ. ಬಾಗಿಲು ತೆಗೆಯುವುದು ತಾನಾಗಿಯೇ ಕಡಿಮೆಯಾಯಿತು. ನಾನು ಎಣಿಸಿರದ ಇನ್ನೊಂದು ಲಾಭವೂ ಬಂತು. ದೊಡ್ಡ ಡಬರಿಯ ನಡುವಿನ ಹಿಟ್ಟು ತಣ್ಣಗಾಗಲು ಇಡೀ ರಾತ್ರಿ ಹಿಡಿಯುತ್ತಿತ್ತು, ಅಷ್ಟರಲ್ಲಿ ಹುಳಿ ಏರುತ್ತಿತ್ತು. ಸಣ್ಣ ಪಾತ್ರೆಯಲ್ಲಿ ಆ ಕಾಟ ಇಲ್ಲ.

ಸಾಗಿಸುವವರಿಗೆ ಒಂದು ಮಾತು: ಫ್ರಿಜ್ಜನ್ನು ವಾಲಿಸಿದ್ದರೆ ಕೂಡಲೇ ಆನ್ ಮಾಡಬೇಡಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಕೆಲವು ತಾಸು ಬಿಡಿ. ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ. ಮುಂದಿನ ಎರಡು ಕಾಲುಗಳ ಸ್ಕ್ರೂ ಚೂರು ಎತ್ತರಿಸಿದರೆ ಬಾಗಿಲು ತಾನೇ ಬಂದು ಮುಚ್ಚಿಕೊಳ್ಳುತ್ತದೆ.

ಬಾಗಿಲಿನ ರಬ್ಬರ್ ನೋಡಲು ಹತ್ತು ರೂಪಾಯಿ ನೋಟು ಸಾಕು. ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಎರಡು ಬಾಗಿಲಿಗೆ ಅಳತೆ ಕೊಟ್ಟು ಹೊಸದು ಮಾಡಿಸಿದೆ. ಮಡಚಿ ತಂದ ರಬ್ಬರ್ ಸುಕ್ಕಾಗಿರುತ್ತದೆ, ಬಿಸಿನೀರಿನಲ್ಲಿ ಅದ್ದಿದರೆ ನೆಟ್ಟಗಾಗುತ್ತದೆ.

ಆಲೂಗಡ್ಡೆಯ ವಿಷಯಕ್ಕೆ ಜಗಳವೇ ಆಯಿತು. ಬೇಯಿಸಿದ್ದನ್ನು ಹಬೆಯಾಡುತ್ತಿರುವಾಗಲೇ ಒಳಗೆ ತಳ್ಳುವ ರೂಢಿ. 20 ಕಿಲೋ ಆಲೂಗಡ್ಡೆಯನ್ನು 80 ಡಿಗ್ರಿಯಿಂದ 5ಕ್ಕೆ ಇಳಿಸಲು ತೆಗೆಯಬೇಕಾದ ಬಿಸಿ ಸುಮಾರು ಒಂದೂವರೆ ಯೂನಿಟ್ಟಿಗೆ ಸಮ. ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗಿಟ್ಟು 30ಕ್ಕೆ ತಂದರೆ ಅದರ ಮೂರರಲ್ಲಿ ಎರಡು ಪಾಲು ಹೊರಗೇ ಹೋಯಿತು. ರಾಶಿ ಹಾಕಿ ಮಧ್ಯಾಹ್ನದವರೆಗೆ ಬಿಡುವುದು ಬೇಡ, ಕೆಡುತ್ತದೆ. ಒಳಗೆ ಹೋದ ಹಬೆ ಫ್ರಿಜ್ಜಿನೊಳಗಿನ ತಂಪು ಕಾಯಿಲ್ ಮೇಲೆ ಮಂಜುಗಡ್ಡೆಯಾಗಿ ಕೂರುತ್ತಿದ್ದುದೂ ನಿಂತಿತು.

ಥರ್ಮೋಸ್ಟಾಟನ್ನು ಯಾರೋ ಮೈನಸ್ಸಿಗೆ ತಿರುಗಿಸಿಟ್ಟಿದ್ದರು. ಈಗ 3 ಡಿಗ್ರಿ. ಒಳಗೆ ನೀರಿನ ಬಾಟಲಿಯಲ್ಲಿ ಥರ್ಮಾಮೀಟರ್ ಅದ್ದಿಟ್ಟಿದ್ದೇನೆ. ಗಾಳಿಯದ್ದಲ್ಲ, ಪದಾರ್ಥದ ತಾಪಮಾನ ಗೊತ್ತಾಗಬೇಕು. ಅದು 5 ದಾಟಬಾರದು.

ದುಡ್ಡು ಹೋದದ್ದು ಫ್ಯಾನಿಗೆ. ಒಳಗೆ ತಂಪು ಗಾಳಿ ಸುತ್ತಿಸುವ ಫ್ಯಾನುಗಳ ಎರಡು ಹಳೆಯ ಮೋಟಾರು ತೆಗೆಸಿ, ಕಡಿಮೆ ಕರೆಂಟಿನಲ್ಲಿ ತಿರುಗುವ ಇಸಿ ಮೋಟಾರು ಹಾಕಿಸಿದೆ. ಹಳೆಯವು ತಲಾ 35 ವ್ಯಾಟ್ ಎಳೆಯುತ್ತಿದ್ದವು, ಹೊಸವು 15ರ ಆಸುಪಾಸು. ದಿನವಿಡೀ ತಿರುಗುವ ಫ್ಯಾನು ಉಳಿಸಿದ್ದು ಒಂದು ಯೂನಿಟ್ಟಿನ ಹತ್ತಿರ. ಜೊತೆಗೆ, ಮೋಟಾರಿನ ಬಿಸಿಯನ್ನೂ ಕಂಪ್ರೆಸರೇ ಹೊರಹಾಕಬೇಕಿತ್ತಲ್ಲ, ಆ ಕೆಲಸವೂ ತಗ್ಗಿತು.

ಎಲ್ಲ ಮುಗಿದ ಮೇಲೆ ಮೀಟರು 9ರಿಂದ 10 ಯೂನಿಟ್ ತೋರಿಸುತ್ತಿದೆ, ಮೇ ತಿಂಗಳಲ್ಲೇ. ಕಾಯಿಲ್ ತೊಳೆದದ್ದು ಮತ್ತು ಜಾಗ ಬದಲಿಸಿದ್ದು ಇದರಲ್ಲಿ ಹೆಚ್ಚಿನ ಪಾಲು. ಸಾಕೆಟ್ಟಿಗೆ ಚುಚ್ಚುವ 'ಪವರ್ ಸೇವರ್' ಡಬ್ಬಿ ಮಾರಲು ಒಬ್ಬರು ಬಂದಿದ್ದರು. ಒಳಗಿರುವುದು ಬಹುಪಾಲು ಒಂದು ಕೆಪಾಸಿಟರ್, ಮೀಟರು ಎಣಿಸುವ ಯೂನಿಟ್ಟನ್ನು ಅದು ಇಳಿಸುವುದಿಲ್ಲ. ರಾತ್ರಿ ಫ್ರಿಜ್ಜು ಆಫ್ ಮಾಡುವ ಉಪಾಯವೂ ಬೇಡ, ಹಾಲು ಹಿಟ್ಟು ಎರಡೂ ಹಾಳು.

ಇನ್ನು, ಆರ್-134ಎ ಅನ್ನುವ ಗ್ಯಾಸಿನ ಈ ಹಳೆಯ ಮಷಿನ್ನಿಗೇ ಆರ್-290 ಅನ್ನುವ ಬೇರೆ ಗ್ಯಾಸ್ ತುಂಬಿಸಿದರೆ ಖರ್ಚು ಇನ್ನೂ ಇಳಿಯುತ್ತದೆ ಅನ್ನುವವರಿದ್ದಾರೆ. ಆರ್-290 ಒಳ್ಳೆಯ ಗ್ಯಾಸೇ, ಆದರೆ ಅದು ಪ್ರೊಪೇನ್, ಹೊತ್ತಿಕೊಳ್ಳುತ್ತದೆ. ಅದಕ್ಕೆಂದೇ ಕಟ್ಟಿದ ಮಷಿನ್ನಿನಲ್ಲಿ ಅಳೆದು ತುಂಬಿದ್ದಾದರೆ ಸರಿ. ಈ ಕಂಪ್ರೆಸರ್ ಸತ್ತ ದಿನ ಅಂಥ ಹೊಸ ಫ್ರಿಜ್ಜನ್ನೇ ತರುತ್ತೇನೆ. ಸೌದೆ ಒಲೆ ಇರುವ ಹೋಟೆಲಿನಲ್ಲಿ ಹಳೆಯದಕ್ಕೆ ಅದನ್ನು ತುಂಬಿಸಲು ನಾನು ತಯಾರಿಲ್ಲ.