ರೋಗನಿರೋಧಕ ಶಕ್ತಿ ತಗ್ಗಿದವರ ಲಿಂಫೋಮಾ ವರದಿಯನ್ನು ಓದುವುದು ಹೇಗೆ

ಗಂಟಿನ ಬಯಾಪ್ಸಿ ವರದಿ ಕೈಗೆ ಸಿಕ್ಕೊಡನೆ ಮನೆಯವರು ನೇರವಾಗಿ ಕೊನೆಯ ಸಾಲಿಗೆ ಹೋಗುತ್ತಾರೆ. ಅಲ್ಲಿ ‘ಲಿಂಫೋಮಾ’ (ಬಿಳಿ ರಕ್ತಕೋಶಗಳ ಒಂದು ಬಗೆಯ ಕ್ಯಾನ್ಸರ್) ಎಂದಿದ್ದರೆ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಂತಹ ವರದಿಗಳಿಗೆ ಸಹಿ ಹಾಕುವುದು ನನ್ನ ಕೆಲಸ. ನನ್ನ ಹೆಚ್ಚಿನ ಹೊತ್ತು ಹೋಗುವುದು ಆ ಕೊನೆಯ ಸಾಲಿನ ಮೇಲಿರುವ ನಾಲ್ಕೈದು ಸಾಲುಗಳಿಗೆ. ಮೂತ್ರಪಿಂಡ ಅಥವಾ ಯಕೃತ್ತಿನ ಕಸಿಯಾಗಿ ಪ್ರತಿರೋಧ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ನುಂಗುತ್ತಿರುವವರು, ಎಚ್‌ಐವಿ ಇರುವವರು, ಸಂಧಿವಾತಕ್ಕೆ ವರ್ಷಗಟ್ಟಲೆ ಮೆಥೊಟ್ರೆಕ್ಸೇಟ್ ತೆಗೆದುಕೊಂಡವರು, ಇವರ ಗಂಟಿಗೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಹಾಕಬೇಕು. ಕೋಶದೊಳಗೆ ವೈರಸ್ ಇದೆಯೇ? ಕೋಶದ ಜೀನುಗಳು ಮುರಿದು ಜಾಗ ಬದಲಿಸಿವೆಯೇ? ಎರಡಕ್ಕೂ ಉತ್ತರ ಕೊಡದ ವರದಿ ಅರ್ಧ ವರದಿ.

ಕೆಲಸ ಶುರುವಾಗುವುದು ವರದಿಗೂ ಮೊದಲೇ. ಸಣ್ಣ ಸೂಜಿಯಿಂದ ಎಳೆದ ಎಫ್‌ಎನ್‌ಎಸಿ ಮಾದರಿ ಇದಕ್ಕೆ ಸಾಲದು. ಆಗುವುದಾದರೆ ಇಡೀ ಗಂಟನ್ನೇ ತೆಗೆಸಿ. ಒಳಗಿನ ಜಾಗವಾದರೆ ದಪ್ಪ ಸೂಜಿಯ ಕೋರ್ ಬಯಾಪ್ಸಿ. ತುರ್ತಿಲ್ಲದಿದ್ದರೆ ಬಯಾಪ್ಸಿಗೆ ಮುಂಚೆ ಸ್ಟಿರಾಯ್ಡ್ ಪ್ರಮಾಣ ಏರಿಸುವುದು ಬೇಡ. ಏರಿಸಿದರೆ ಗಂಟು ಕರಗಿ, ನನ್ನ ಸ್ಲೈಡಿಗೆ ಬರುವುದು ಸತ್ತ ಕೋಶಗಳ ರಾಶಿ. ಜೊತೆಯಲ್ಲಿ ಬರುವ ಚೀಟಿಯನ್ನೂ ಓದಿಕೊಳ್ಳಿ. ‘ಕುತ್ತಿಗೆ ಗಂಟು, ಟಿಬಿ ಇರಬಹುದೇ?’ ಎಂದಷ್ಟೇ ಗೀಚಿದ ಚೀಟಿಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ನಮ್ಮ ದೇಶದಲ್ಲಿ ಟಿಬಿಯ ಶಂಕೆ ತಪ್ಪಲ್ಲ. ಆದರೆ ಕಸಿಯಾದ ವಿಷಯವೇ ತಿಳಿಯದಿದ್ದರೆ ವೈರಸ್ ಪರೀಕ್ಷೆ ಮಾಡಿಸಬೇಕೆಂದು ನನಗೆ ಹೊಳೆಯುವುದಾದರೂ ಹೇಗೆ? ಯಾವ ಅಂಗ, ಯಾವ ವರ್ಷ, ಯಾವ ಮಾತ್ರೆಗಳು, ಎಚ್‌ಐವಿ ಇದ್ದರೆ ಸಿಡಿ4 (ಎಚ್‌ಐವಿ ನಾಶಮಾಡುವ ರೋಗನಿರೋಧಕ ಕೋಶಗಳ ಎಣಿಕೆ) ಎಷ್ಟು, ಇಷ್ಟನ್ನು ಬರೆಸಿ. ವರ್ಷ ಮುಖ್ಯ: ಕಸಿಯಾದ ಮೊದಲ ವರ್ಷದೊಳಗೆ ಬರುವ ಗಂಟುಗಳಲ್ಲಿ ಹೆಚ್ಚಿನವು ವೈರಸ್ಸಿನವು, ಹಲವು ವರ್ಷಗಳ ನಂತರ ಬಂದವುಗಳಲ್ಲಿ ವೈರಸ್ ಇಲ್ಲದವೂ ಬಹಳ.

ವೈರಸ್ಸಿನ ಹೆಸರು ಎಪ್‌ಸ್ಟೀನ್-ಬಾರ್, ಚುಟುಕಾಗಿ ಇಬಿವಿ. ಯುಗಾಂಡಾದ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಗಡ್ಡೆಯನ್ನು ಡೆನಿಸ್ ಬರ್ಕಿಟ್ 1958ರಲ್ಲಿ ವಿವರಿಸಿದರು, ಅದಕ್ಕೆ ಬರ್ಕಿಟ್ ಲಿಂಫೋಮಾ ಎಂದು ಹೆಸರಾಯಿತು. ಅದೇ ಗಡ್ಡೆಯ ಕೋಶಗಳಲ್ಲಿ ಆಂಟನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವೊನ್ ಬಾರ್ ಈ ವೈರಸ್ಸನ್ನು ಕಂಡದ್ದು 1964ರಲ್ಲಿ. ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಇದನ್ನು ಹೊತ್ತೇ ತಿರುಗುತ್ತಾರೆ. ಎಂಜಲಿನಿಂದ ಬಂದು, ಪ್ರತಿಕಾಯ ತಯಾರಿಸುವ ಬಿಳಿ ರಕ್ತಕೋಶಗಳಾದ ಬಿ ಕೋಶಗಳಲ್ಲಿ ಬೀಡುಬಿಡುತ್ತದೆ. ಅಂತಹ ಕೋಶ ಬೆಳೆಯಲು ಹೊರಟರೆ ದೇಹದ ಕಾವಲಿನ ಟಿ ಕೋಶಗಳು ಕೊಂದುಹಾಕುತ್ತವೆ. ಟ್ಯಾಕ್ರೊಲಿಮಸ್ ಹೊಸ ಅಂಗವನ್ನು ಉಳಿಸುವುದು ಇದೇ ಟಿ ಕೋಶಗಳನ್ನು ತಗ್ಗಿಸಿ. ಆಗ ಎಲ್‌ಎಂಪಿ1 ಎಂಬ ವೈರಸ್ಸಿನ ಪ್ರೋಟೀನಿಗೆ ತಡೆಯಿರುವುದಿಲ್ಲ: ಬಿ ಕೋಶ ವಿಭಜಿಸಲು ಹೊರಗಿನಿಂದ ಬರಬೇಕಾದ ಸೂಚನೆಯನ್ನು ಅದು ಒಳಗಿನಿಂದಲೇ ಕೊಡುತ್ತಿರುತ್ತದೆ. ಇಬಿವಿ ಇನ್ನೂ ತಗುಲದ ಮಗುವಿಗೆ ದಾನಿಯ ಅಂಗದ ಜೊತೆಗೇ ಅದು ಮೊದಲ ಸಲ ಬಂದರೆ ಅಪಾಯ ಬಹಳ ಹೆಚ್ಚು. ಕಸಿಗೆ ಮುಂಚಿನ ಕಡತದಲ್ಲಿ ದಾನಿ, ರೋಗಿ ಇಬ್ಬರ ಇಬಿವಿ ಐಜಿಜಿ (ಹಿಂದೆ ಸೋಂಕು ತಗುಲಿತ್ತೇ ಎಂದು ಹೇಳುವ ರಕ್ತಪರೀಕ್ಷೆ) ಫಲಿತಾಂಶವೂ ಇದೆಯೇ ನೋಡಿಕೊಳ್ಳಿ.

ವರದಿಯಲ್ಲಿ ಹುಡುಕಬೇಕಾದದ್ದು ‘ಇಬರ್’ (EBER). ವೈರಸ್ಸಿನ ಪುಟ್ಟ ಆರ್‌ಎನ್‌ಎಯನ್ನು ಹುಡುಕುವ ಪರೀಕ್ಷೆ ಇದು. ನಾವು ಬಳಸುವ ಬಣ್ಣದಲ್ಲಿ ವೈರಸ್ ಇರುವ ನ್ಯೂಕ್ಲಿಯಸ್ ಕಡುನೀಲಿ, ಉಳಿದದ್ದೆಲ್ಲ ತಿಳಿಗುಲಾಬಿ. ದೊಡ್ಡ ಕೋಶಗಳು ಸಾಲುಸಾಲಾಗಿ ನೀಲಿಯಾಗಿದ್ದರೆ ಅದಕ್ಕೆ ಅರ್ಥವಿದೆ. ಅಲ್ಲೊಂದು ಇಲ್ಲೊಂದು ಸಣ್ಣ ಕೋಶ ನೀಲಿಯಾದರೆ ಹೆಚ್ಚಿನ ಅರ್ಥವಿಲ್ಲ. ನನ್ನ ಗಂಟನ್ನೇ ತೆಗೆದು ನೋಡಿದರೂ ಅಷ್ಟು ಸಿಕ್ಕೀತು. ಆದ್ದರಿಂದ ‘ಇಬರ್ ಪಾಸಿಟಿವ್’ ಎಂದಷ್ಟೇ ಇದ್ದರೆ ಯಾವ ಕೋಶಗಳು, ಎಷ್ಟು ಎಂದು ಕೇಳಿ. ಎಲ್‌ಎಂಪಿ1 ಬಣ್ಣ ಮಾತ್ರ ಹಾಕಿ ‘ವೈರಸ್ ಇಲ್ಲ’ ಎಂದಿದ್ದರೆ ಒಪ್ಪಬೇಡಿ. ಬರ್ಕಿಟ್ ಲಿಂಫೋಮಾದಲ್ಲಿ ವೈರಸ್ ಇದ್ದರೂ ಆ ಪ್ರೋಟೀನು ಸಾಮಾನ್ಯವಾಗಿ ಕಾಣುವುದಿಲ್ಲ. ರಕ್ತದ ಪಿಸಿಆರ್ ವೈರಸ್ಸಿನ ಏರಿಳಿತ ನೋಡಲು ಒಳ್ಳೆಯದು, ಗಂಟಿನ ಇಬರ್‌ಗೆ ಅದು ಬದಲಿಯಲ್ಲ.

ಜೀನಿನ ಸಾಲುಗಳಲ್ಲಿ ಎರಡು ಪರೀಕ್ಷೆಗಳನ್ನು ಬೆರೆಸಿ ಓದುವವರೇ ಹೆಚ್ಚು. ಪ್ರತಿಯೊಂದು ಬಿ ಕೋಶವೂ ಪ್ರತಿಕಾಯ ತಯಾರಿಸಲು ತನ್ನ ಜೀನಿನ ತುಂಡುಗಳನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ಇದು ರೋಗವಲ್ಲ. ಗಂಟಿನ ಕೋಶಗಳಲ್ಲೆಲ್ಲ ಜೋಡಣೆ ಒಂದೇ ಆಗಿದ್ದರೆ ಅವೆಲ್ಲ ಒಂದೇ ಕೋಶದ ಸಂತಾನ ಎಂದು ಗೊತ್ತಾಗುತ್ತದೆ, ಅದನ್ನೇ ವರದಿ ‘ಮೊನೊಕ್ಲೋನಲ್’ ಎನ್ನುತ್ತದೆ. ಮಾತ್ರೆ ಕಡಿಮೆ ಮಾಡಿದರೆ ಇಳಿಯುವ ಗಂಟುಗಳೂ ಮೊನೊಕ್ಲೋನಲ್ ಆಗಿರಬಹುದು. ಈ ಒಂದು ಪದಕ್ಕೆ ಹೆದರಬೇಡಿ.

ಹೆದರಿಕೆಗೆ ಕಾರಣವಿರುವುದು ಕತ್ತರಿ ತಪ್ಪು ಜಾಗದಲ್ಲಿ ಬಿದ್ದಾಗ. ಪ್ರತಿಕಾಯದ ಜೀನನ್ನು ತಿದ್ದುವ ಎಐಡಿ ಎಂಬ ಕಿಣ್ವ ಕೆಲವೊಮ್ಮೆ ಸಂಬಂಧವಿಲ್ಲದ ಜೀನುಗಳನ್ನೂ ಗಾಯಗೊಳಿಸುತ್ತದೆ. 8ನೇ ವರ್ಣತಂತುವಿನಲ್ಲಿರುವ, ಕೋಶವನ್ನು ವಿಭಜನೆಗೆ ದೂಡುವ ಮಿಕ್ (MYC) ಜೀನು ಹೀಗೆ ಮುರಿದು 14ನೆಯದರಲ್ಲಿರುವ ಪ್ರತಿಕಾಯ ಜೀನಿನ ಮಗ್ಗುಲಿಗೆ ಹೋಗಿ ಕೂರುತ್ತದೆ. ಬಿ ಕೋಶದಲ್ಲಿ ಆ ಜಾಗ ಸದಾ ಚಾಲೂ. ಸ್ಟಾರ್ಟರ್ ಇಲ್ಲದೆ ಪಂಪ್‌ಸೆಟ್ಟಿಗೆ ನೇರ ಲೈನ್ ಎಳೆದ ಹಾಗೆ, ಆರಿಸಲು ಗುಂಡಿಯೇ ಇಲ್ಲ. ಬರ್ಕಿಟ್‌ನಲ್ಲಿ ನೂರಕ್ಕೆ ಸುಮಾರು 80ರಲ್ಲಿ ಇದೇ ಅದಲುಬದಲು. ಉಳಿದವುಗಳಲ್ಲಿ ಹೆಚ್ಚಾಗಿ ಜೊತೆಯಾಗುವುದು 2 ಅಥವಾ 22ನೇ ವರ್ಣತಂತು.

ಇದನ್ನು ಹಿಡಿಯುವುದು ಫಿಶ್ (FISH) ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಕೂತು ನೋಡುತ್ತೇವೆ: ನೀಲಿ ನ್ಯೂಕ್ಲಿಯಸ್ಸಿನೊಳಗೆ ಮಿಕ್‌ನ ಒಂದು ಬದಿಗೆ ಕೆಂಪು ಚುಕ್ಕೆ, ಇನ್ನೊಂದು ಬದಿಗೆ ಹಸಿರು. ಜೀನು ಇಡಿಯಾಗಿದ್ದರೆ ಎರಡೂ ಕೂಡಿ ಹಳದಿ. ಒಂದು ಹಳದಿ ಉಳಿದು, ಇನ್ನೊಂದು ಜೋಡಿಯ ಕೆಂಪು ಹಸಿರು ದೂರ ದೂರ ಸಿಡಿದಿದ್ದರೆ ಒಂದು ಪ್ರತಿ ಮುರಿದಿದೆ. ವರದಿಯಲ್ಲಿ ‘ಮಿಕ್ ಪ್ರೋಟೀನ್ 40% ಪಾಸಿಟಿವ್’ ಎಂದಿದ್ದರೆ ಅದು ಈ ಪರೀಕ್ಷೆಯಲ್ಲ. ಜೀನು ಮುರಿಯದೆಯೂ ಪ್ರೋಟೀನು ಹೆಚ್ಚಬಹುದು. ‘ಫಿಶ್ ಆಗಿದೆಯೇ?’ ಎಂದು ನೇರವಾಗಿ ಕೇಳಿ.

ವೈರಸ್ಸು, ಮುರಿದ ಜೀನು ಒಂದಕ್ಕೊಂದು ಒದಗುವುದು ಹೀಗೆ. ವೈರಸ್ ಬಿ ಕೋಶಗಳನ್ನು ಮತ್ತೆ ಮತ್ತೆ ವಿಭಜಿಸುತ್ತದೆ, ಕತ್ತರಿ ತಪ್ಪಲು ಅವಕಾಶಗಳು ಹೆಚ್ಚುತ್ತವೆ. ಮಿಕ್ ಅತಿಯಾದ ಕೋಶ ತಾನೇ ಸಾಯಲು ಹೊರಡುತ್ತದೆ. ವೈರಸ್ ಅದನ್ನು ಸಾಯಗೊಡುವುದಿಲ್ಲ. ಆದರೆ ಯಾವಾಗಲೂ ಎರಡೂ ಇರಬೇಕೆಂದಿಲ್ಲ. ಸಿಡಿ4 50ಕ್ಕಿಂತ ಕೆಳಗಿಳಿದ ಎಚ್‌ಐವಿ ರೋಗಿಗಳ ಮಿದುಳಿನ ಲಿಂಫೋಮಾದಲ್ಲಿ ಹೆಚ್ಚುಕಡಿಮೆ ಪ್ರತಿಸಲವೂ ಇಬಿವಿ ಸಿಗುತ್ತದೆ. ಅದೇ ಎಚ್‌ಐವಿಯ ಬರ್ಕಿಟ್ ಸಿಡಿ4 ಸಾಕಷ್ಟಿದ್ದಾಗಲೂ ಬರುತ್ತದೆ, ಮಿಕ್ ಮುರಿದಿರುತ್ತದೆ, ಇಬಿವಿ ಸಿಗುವುದು ಅರ್ಧಕ್ಕಿಂತ ಕಡಿಮೆ ಮಂದಿಯಲ್ಲಿ. ನಿರೋಧಕ ಶಕ್ತಿ ಕುಸಿದಷ್ಟೂ ವೈರಸ್ಸಿನ ಪಾಲು ದೊಡ್ಡದು.

ಚಿಕಿತ್ಸೆಯ ಮಾತುಕತೆ ಇಲ್ಲಿಂದಲೇ ಹೊರಡುತ್ತದೆ. ಕಸಿಯಾದವರಲ್ಲಿ ಇಬರ್ ತುಂಬಿರುವ, ಬಗೆಬಗೆಯ ಕೋಶಗಳು ಬೆರೆತ ‘ಪಾಲಿಮಾರ್ಫಿಕ್’ ಗಂಟಾಗಿದ್ದರೆ ಪ್ರತಿರೋಧ ತಗ್ಗಿಸುವ ಮಾತ್ರೆಗಳನ್ನು ಕಡಿಮೆ ಮಾಡುವುದೇ ಮೊದಲ ಹೆಜ್ಜೆ. ಕೋಶಗಳ ಮೇಲೆ ಸಿಡಿ20 ಎಂಬ ಪ್ರೋಟೀನು ಇದ್ದರೆ ಅದನ್ನೇ ಗುರಿಯಾಗಿಸುವ ರಿಟುಕ್ಸಿಮ್ಯಾಬ್ ಔಷಧಿ ಸೇರುತ್ತದೆ. ಮಾತ್ರೆ ಕಡಿತವನ್ನು ನೀವಾಗಿಯೇ ಮಾಡಿದಿರೋ, ಅಂಗ ಹೋಗುತ್ತದೆ. ಅದು ಕ್ರಿಯಾಟಿನಿನ್‌ನಂತಹ, ಅಂಗದ ಕೆಲಸ ತೋರಿಸುವ ರಕ್ತಪರೀಕ್ಷೆ ನೋಡುತ್ತ ಕಸಿ ವೈದ್ಯರು ಮಾಡುವ ಕೆಲಸ. ಮಿಕ್ ಮುರಿದ ಬರ್ಕಿಟ್ ಆಗಿದ್ದರೆ ಮಾತ್ರೆ ಕಡಿಮೆ ಮಾಡಿ ಕಾಯುತ್ತ ಕೂರುವ ಹಾಗಿಲ್ಲ, ಕೀಮೊಥೆರಪಿ ಬೇಗ ಶುರುವಾಗಬೇಕು. ಎಚ್‌ಐವಿ ಇರುವವರು ಎಆರ್‌ಟಿ (ಎಚ್‌ಐವಿ ತಡೆಯುವ ಮಾತ್ರೆಗಳು) ನಿಲ್ಲಿಸಬಾರದು.

ಗಂಟೇ ಇಲ್ಲದೆ ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬುವ ಲಿಂಫೋಮಾ ಒಂದಿದೆ, ಅದರ ಹಿಂದಿರುವುದು ಎಚ್‌ಎಚ್‌ವಿ8 ಎಂಬ ಬೇರೆ ವೈರಸ್. ಅಲ್ಲಿ ಸಿಡಿ20 ಸಾಮಾನ್ಯವಾಗಿ ಇರುವುದಿಲ್ಲ. ತೆಗೆದ ನೀರನ್ನು ಚೆಲ್ಲದೆ ಸೆಲ್ ಬ್ಲಾಕ್ (ಅದರಲ್ಲಿರುವ ಕೋಶಗಳನ್ನು ಮೇಣದಲ್ಲಿ ಹುದುಗಿಸುವುದು) ಮಾಡಿಸಿ.

ಎರಡನೇ ಅಭಿಪ್ರಾಯಕ್ಕೆ ಹೊರಟರೆ ಕಾಗದದ ವರದಿ ಮಾತ್ರ ಒಯ್ಯಬೇಡಿ. ಸ್ಲೈಡುಗಳನ್ನೂ ಗಂಟಿನ ತುಂಡನ್ನು ಹುದುಗಿಸಿದ ಪ್ಯಾರಫಿನ್ ಬ್ಲಾಕನ್ನೂ ಕೇಳಿ ಪಡೆಯಿರಿ. ಬಿಟ್ಟುಹೋದ ಇಬರ್ ಆಗಲಿ ಫಿಶ್ ಆಗಲಿ ಆ ಬ್ಲಾಕಿನಿಂದಲೇ ಮಾಡಬೇಕು. ಬ್ಲಾಕಿನ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಅಲ್ಲೇ ನೋಡಿಕೊಳ್ಳಿ. ಅದು ಮೇಣ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮೆತ್ತಗಾಗುತ್ತದೆ.