ಗುಮ್ಮಟ ಹಾಕಿಸ್ತೀರಾ? ಮೊದಲು ರಿಂಗ್ ಬೀಮ್ ಗಟ್ಟಿ ಮಾಡಿ

ಮೈಸೂರು, ಮಂಡ್ಯ ಕಡೆ ಊರ ಮಂಟಪಕ್ಕೋ ಧ್ಯಾನದ ಹಾಲ್‌ಗೋ ಕಾಂಕ್ರೀಟ್ ಗುಮ್ಮಟ ಹಾಕುವಾಗ ನಾನು ಮತ್ತೆ ಮತ್ತೆ ನೋಡುವ ತಪ್ಪು ಒಂದೇ. ನೆತ್ತಿಗೆ ಕಂಬಿ ತುಂಬುತ್ತಾರೆ, ಗುಮ್ಮಟದ ಬುಡವನ್ನು ಉಂಗುರದ ಹಾಗೆ ಸುತ್ತಿ ಹಿಡಿಯುವ ರಿಂಗ್ ಬೀಮ್‌ಗೆ ಉಳಿದ ತುಂಡುಗಳನ್ನು ಜೋಡಿಸುತ್ತಾರೆ. ಆಗಬೇಕಾದದ್ದು ಇದರ ಉಲ್ಟಾ.

ಹಂತ 1: ಆಕಾರ. 6 ಮೀಟರ್ ಅಗಲದ ಹಾಲ್ ಅಂದುಕೊಳ್ಳಿ. ಗುಮ್ಮಟದ ಎತ್ತರ ಅಗಲದ ಐದನೇ ಒಂದು ಭಾಗ, 1.2 ಮೀಟರ್ ಇರಲಿ. ಅರ್ಧ ಅಗಲದ ವರ್ಗ, ಎತ್ತರದ ವರ್ಗ ಎರಡನ್ನೂ ಕೂಡಿ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಗೋಳದ ತ್ರಿಜ್ಯ 4.35 ಮೀಟರ್ ಬರುತ್ತದೆ. ಬುಡದ ಕೋನ, ಅಂದರೆ ಗೋಳದ ಕೇಂದ್ರದಲ್ಲಿ ನೆತ್ತಿಯಿಂದ ಬುಡದವರೆಗೆ ಅಳೆದದ್ದು, ಸುಮಾರು 44 ಡಿಗ್ರಿ.

ಶ್ರೀರಂಗಪಟ್ಟಣದ ಗುಂಬಜ್ ತರಹ ದುಂಡಗೆ ಏರಿದ್ದೇ ಬೇಕು ಎನ್ನುವವರು ಒಂದು ವಿಷಯ ತಿಳಿದಿರಲಿ. ನೆತ್ತಿಯಿಂದ ಸುಮಾರು 52 ಡಿಗ್ರಿವರೆಗೆ ಗುಮ್ಮಟ ಸುತ್ತಲೂ ಒತ್ತಿಕೊಂಡೇ ಇರುತ್ತದೆ. ಅದರ ಕೆಳಗೆ ತನ್ನ ಭಾರಕ್ಕೇ ಸುತ್ತಳತೆ ಹಿಗ್ಗಲು ನೋಡುತ್ತದೆ, ಉದ್ದುದ್ದ ಬಿರುಕು ಬರುವುದು ಅಲ್ಲೇ. ಹಾಗಾಗಿ ಚಿಕ್ಕ ಕಟ್ಟಡಕ್ಕೆ ತಗ್ಗು ಗುಮ್ಮಟವೇ ಸರಿ.

ಹಂತ 2: ಭಾರ. 100 ಮಿ.ಮೀ ದಪ್ಪ ಸಾಕು. ಚದರ ಮೀಟರಿಗೆ ಅದರ ತೂಕ 250 ಕೆಜಿ. ಗಾರೆ, ಮೇಲೆ ಹತ್ತುವ ಜನ ಎಲ್ಲ ಸೇರಿ ಇನ್ನೊಂದು 150. ಒಟ್ಟು 400. ನೆತ್ತಿಯ ಮೇಲೆ ಭಾರಿ ಕಲಶ ಕೂರಿಸುವುದಾದರೆ ಮೊದಲೇ ಹೇಳಿ. ಒಂದೇ ಕಡೆ ಬೀಳುವ ಭಾರಕ್ಕೆ ಈ ಲೆಕ್ಕ ಸಾಲದು, ಅಲ್ಲಿ ದಪ್ಪ ಕೊಡಬೇಕು.

ಹಂತ 3: ಗುಮ್ಮಟದ ಒಳಗಿನ ಒತ್ತಡ. ಬುಡದ ಸುತ್ತಳತೆಯ ಒಂದೊಂದು ಮೀಟರಿಗೆ ಸುಮಾರು 1000 ಕೆಜಿ ಒತ್ತಡ. ಚದರ ಸೆಂಟಿಮೀಟರಿಗೆ ಒಂದೇ ಕೆಜಿ! ಎಂ20 ದರ್ಜೆಯ ಕಾಂಕ್ರೀಟ್‌ನ ಪರೀಕ್ಷಾ ಕ್ಯೂಬ್ ಚದರ ಸೆಂಟಿಮೀಟರಿಗೆ 200 ಕೆಜಿ ತಡೆಯುತ್ತದೆ. ಇಷ್ಟು ಹಗುರ ಒತ್ತಡಕ್ಕೆ 8 ಮಿ.ಮೀ ಕಂಬಿ, ಎರಡೂ ದಿಕ್ಕಿಗೆ 200 ಮಿ.ಮೀಗೊಂದು ಧಾರಾಳ. ಎಲ್ಲ ಕಂಬಿಯನ್ನೂ ನೆತ್ತಿಗೆ ತಂದು ಗಂಟು ಹಾಕಬೇಡಿ, ಜಲ್ಲಿ ಒಳಗೆ ಇಳಿಯುವುದೇ ಇಲ್ಲ. ನೆತ್ತಿಯ ಒಂದು ಮೀಟರ್ ಜಾಗಕ್ಕೆ ಚೌಕದ ಜಾಲರಿ ಹಾಸಿ, ಉಳಿದ ಕಂಬಿಗಳನ್ನು ಅದಕ್ಕೆ ಲ್ಯಾಪ್ ಕೊಟ್ಟು, ಅಂದರೆ ಎರಡು ಕಂಬಿಯ ತುದಿಗಳನ್ನು ಸ್ವಲ್ಪ ಉದ್ದ ಪಕ್ಕಪಕ್ಕ ಸೇರಿಸಿ ಕಟ್ಟಿ, ನಿಲ್ಲಿಸಿ.

ಹಂತ 4: ರಿಂಗ್ ಬೀಮ್. ಇಲ್ಲಿ ನಿಧಾನವಾಗಿ ಓದಿ. ಓರೆಯಾಗಿ ಬರುವ ಆ 1000 ಕೆಜಿಯಲ್ಲಿ ಸುಮಾರು 730 ಕೆಜಿ ಹೊರಕ್ಕೆ ತಳ್ಳುತ್ತದೆ. ಅದನ್ನು 3 ಮೀಟರ್ ಅರ್ಧ ಅಗಲದಿಂದ ಗುಣಿಸಿ. ಉಂಗುರವನ್ನು ಹರಿಯಲು ನೋಡುವ ಎಳೆತ 2.2 ಟನ್. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೇಗೋ, ಗುಮ್ಮಟಕ್ಕೆ ಈ ಉಂಗುರ ಹಾಗೆ. 230 x 300 ಮಿ.ಮೀ ಬೀಮ್, ನಾಲ್ಕು 12 ಮಿ.ಮೀ ಕಂಬಿ ಈ ಎಳೆತವನ್ನು ಆರಾಮಾಗಿ ತಡೆಯುತ್ತವೆ.

ಆದರೆ ಕಂಬಿ ಎಷ್ಟಿದ್ದರೇನು, ಲ್ಯಾಪ್ ಬಿಟ್ಟುಕೊಂಡರೆ ಎಲ್ಲ ವ್ಯರ್ಥ. ಸ್ಲ್ಯಾಬ್ ಅಭ್ಯಾಸದಲ್ಲಿ ಎರಡು ಅಡಿ ಲ್ಯಾಪ್ ಕೊಟ್ಟು ಕಟ್ಟಿಬಿಡುತ್ತಾರೆ, ಅದೂ ನಾಲ್ಕೂ ಕಂಬಿಗೆ ಒಂದೇ ಜಾಗದಲ್ಲಿ. ಇದು ನೇರ ಎಳೆತದ ಕಂಬಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಎಫ್‌ಇ 500 ದರ್ಜೆಯ 12 ಮಿ.ಮೀ ಕಂಬಿ, ಎಂ20 ಕಾಂಕ್ರೀಟ್‌ಗೆ 1.36 ಮೀಟರ್, ಅಂದರೆ ನಾಲ್ಕೂವರೆ ಅಡಿ ಲ್ಯಾಪ್ ಬೇಕು. ಉಂಗುರದ ಸುತ್ತಳತೆ 18.85 ಮೀಟರ್. 12 ಮೀಟರಿನ ಎರಡು ಕಂಬಿ ಸೇರಿದರೆ ಒಂದು ಸುತ್ತು, ಎರಡು ಲ್ಯಾಪ್. ನಾಲ್ಕು ಸುತ್ತಿಗೆ ಎಂಟು ಲ್ಯಾಪ್. ಸೀಮೆಸುಣ್ಣದಲ್ಲಿ ಸೆಂಟ್ರಿಂಗ್ ಮೇಲೆ ಎಂಟು ಗುರುತು ಹಾಕಿ, ಒಂದೊಂದು ಲ್ಯಾಪ್ ಒಂದೊಂದು ಗುರುತಿಗೆ ಬರಲಿ. ನಡುವೆ 2.3 ಮೀಟರ್ ಅಂತರ ಸಿಗುತ್ತದೆ, 1.8 ಇದ್ದರೂ ಸಾಕಿತ್ತು. ಉದ್ದ ಉಳಿಸಲು ಸೈಟ್‌ನಲ್ಲೇ ವೆಲ್ಡಿಂಗ್ ಮಾಡಿಸುತ್ತೇನೆ ಅಂದರೆ ಬೇಡ ಅನ್ನಿ. ಕಂಪನಿಯ ಗುರುತಿಲ್ಲದ ಅಗ್ಗದ ಕಂಬಿಯನ್ನೂ ಈ ಉಂಗುರಕ್ಕೆ ಹಾಕಬೇಡಿ.

ಉಂಗುರದ ಹತ್ತಿರ ಗುಮ್ಮಟ ಸ್ವಲ್ಪ ಬಾಗುತ್ತದೆ, ಮೇಲಿನ ಲೆಕ್ಕದಲ್ಲಿ ಇದು ಸೇರಿಲ್ಲ. ಕೆಳಗಿನ ಒಂದು ಮೀಟರನ್ನು 100ರಿಂದ 150 ಮಿ.ಮೀಗೆ ನಿಧಾನವಾಗಿ ದಪ್ಪ ಮಾಡಿ, ಒಳಗೂ ಹೊರಗೂ ಜಾಲರಿ ಕೊಡಿ. ಉಂಗುರ ಗೋಡೆಯ ಮೇಲಲ್ಲದೆ ಕಂಬಗಳ ಮೇಲೆ ಕೂತರೆ ಬೀಮ್ ಬಾಗುವುದರ ಜೊತೆ ತಿರುಚಿಕೊಳ್ಳುತ್ತದೆ. ಆಗ ನಾಲ್ಕು ಕಂಬಿ ಸಾಲದೆ ಹೋಗಬಹುದು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಮುಂದುವರಿಯಬೇಡಿ.

ಹಂತ 5: ಕಾಂಕ್ರೀಟ್. ಕಂಬಿ ಕೆಳಗೆ ಜಲ್ಲಿಕಲ್ಲು ಇಟ್ಟರೆ ಇಳಿಜಾರಲ್ಲಿ ಜಾರಿಹೋಗುತ್ತದೆ. ತಂತಿ ಇರುವ ಕವರ್ ಬ್ಲಾಕ್ ಕಟ್ಟಿ. ಮಿಕ್ಸ್ ಗಟ್ಟಿಯಾಗಿರಲಿ, 12 ಮಿ.ಮೀ ಜಲ್ಲಿ ಹಾಕಿ. ನೀರು ಜಾಸ್ತಿಯಾದರೆ ಬುಡದಲ್ಲಿ ರಾಶಿ, ನೆತ್ತಿಯಲ್ಲಿ ತೆಳು. ಬುಡದಿಂದ ಸುತ್ತು ಸುತ್ತಾಗಿ ಮೇಲಕ್ಕೆ ಬನ್ನಿ, ಒಂದೇ ಮಗ್ಗುಲಿಗೆ ಸುರಿಯಬೇಡಿ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಹಾಕುವುದಾದರೆ ಬೆಳಗಿನ ಜಾವವೇ ಶುರು ಮಾಡಿ, ಹಸಿ ಗೋಣಿಚೀಲ ಹೊದಿಸಿ.

ಹಂತ 6: ಸೆಂಟ್ರಿಂಗ್ ಬಿಚ್ಚುವುದು. ಎಂಜಿನಿಯರ್ ಒಪ್ಪಿದ ಮೇಲೆ ನೆತ್ತಿಯ ಆಸರೆಯನ್ನು ಮೊದಲು ಸಡಿಲಿಸಿ, ಅಲ್ಲಿಂದ ಸುತ್ತಲೂ ಸಮವಾಗಿ ಬುಡದ ಕಡೆ ಬನ್ನಿ. ಬುಡದ ಆಸರೆ ಮೊದಲು ತೆಗೆದರೆ ಗುಮ್ಮಟ ನೆತ್ತಿಯ ಕಂಬದ ಮೇಲೆ ಕೂತುಬಿಡುತ್ತದೆ, ನೆತ್ತಿಯಲ್ಲೇ ಬಿರುಕು ಬಿಡಬಹುದು. ಎಲ್ಲ ತೆಗೆದ ಮೇಲೆ ಏಣಿ ಹಾಕಿ ರಿಂಗ್ ಬೀಮ್‌ನ ಹೊರಮೈಯನ್ನು ಸುತ್ತಲೂ ನೋಡಿ. ಮೇಲಿಂದ ಕೆಳಕ್ಕೆ ನೆಟ್ಟಗೆ ಬಿರುಕು ಕಂಡರೆ ಗಾರೆ ಬಳಿಯುವ ಮೊದಲೇ ಎಂಜಿನಿಯರ್‌ಗೆ ತೋರಿಸಿ.