ಪದವಿ ಕಾಲೇಜುಗಳಲ್ಲಿ ಮಾಹಿತಿ ಪ್ರಾವೀಣ್ಯ ಬೆಳೆಸುವುದು ಹೇಗೆ?

ಬೆಂಗಳೂರಿನ ಅನೇಕ ಪದವಿ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳನ್ನು ಮೊದಲ ವಾರದಲ್ಲೇ ಗ್ರಂಥಾಲಯಕ್ಕೆ ಕರೆದೊಯ್ದು, ಕಪಾಟುಗಳನ್ನೂ ಕಂಪ್ಯೂಟರುಗಳನ್ನೂ ತೋರಿಸಿ ಕಳುಹಿಸುತ್ತಾರೆ. ಆ ಹೊತ್ತಿಗೆ ಅವರ ಬಳಿ ಹುಡುಕಬೇಕಾದ ಪ್ರಶ್ನೆಯೇ ಇರುವುದಿಲ್ಲವಾದ್ದರಿಂದ ಕೇಳಿದ್ದು ಮನಸ್ಸಿನಲ್ಲಿ ಉಳಿಯುವುದಿಲ್ಲ. ಮಾಹಿತಿಯನ್ನು ಹುಡುಕುವ, ತೂಗಿ ನೋಡುವ, ಪ್ರಾಮಾಣಿಕವಾಗಿ ಬಳಸುವ ಸಾಮರ್ಥ್ಯವನ್ನು, ಅಂದರೆ ಮಾಹಿತಿ ಪ್ರಾವೀಣ್ಯವನ್ನು, ಅಂಕ ಸಿಗುವ ಅಸೈನ್‌ಮೆಂಟಿನ ಒಳಗೇ ಕಲಿಸಬೇಕು.

ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘವು 2000ದಲ್ಲಿ ಇದಕ್ಕೆ ಮಾನದಂಡಗಳನ್ನು ರೂಪಿಸಿತ್ತು. 2016ರಲ್ಲಿ ಅಂಗೀಕರಿಸಿದ ಚೌಕಟ್ಟಿನಲ್ಲಿ ಅದು ಆರು ಮೂಲ ಪರಿಕಲ್ಪನೆಗಳನ್ನು ಮುಂದಿಟ್ಟಿತು. ಒಂದು ಆಕರವನ್ನು ಎಷ್ಟು ನಂಬಬಹುದು ಎಂಬುದು ಸಂದರ್ಭವನ್ನು ಅವಲಂಬಿಸಿದೆ ಎನ್ನುವ ಪರಿಕಲ್ಪನೆ ನಮ್ಮ ತರಗತಿಗಳಿಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

ಸೆಮಿಸ್ಟರ್ ಆರಂಭವಾಗುವ ಮೊದಲೇ ಅಧ್ಯಾಪಕರೂ ಗ್ರಂಥಪಾಲಕರೂ ಕೂಡಿ ಕುಳಿತು, ಎಲ್ಲರೂ ನಂಬಿರುವ ಒಂದು ಹೇಳಿಕೆಯನ್ನು ಆರಿಸಲಿ. ಇತಿಹಾಸದ ತರಗತಿಗೆ, 'ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ ಬೆಂಗಳೂರು' ಎಂಬ ಮಾತನ್ನು ತೆಗೆದುಕೊಳ್ಳಬಹುದು. ಈ ಮಾತು ಎಲ್ಲೆಲ್ಲಿ ಬಂದಿದೆ, ಪ್ರತಿಯೊಬ್ಬರೂ ಅದಕ್ಕೆ ಯಾವ ಆಧಾರ ಕೊಟ್ಟಿದ್ದಾರೆ ಎಂದು ವಿದ್ಯಾರ್ಥಿಗಳು ಪಟ್ಟಿ ಮಾಡಿದಾಗ, ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ಎತ್ತಿ ಬರೆದಿರುವುದು ತಾನಾಗಿಯೇ ಕಾಣುತ್ತದೆ. ಮುಂದೆ ವರ್ಷಗಳನ್ನು ಹೋಲಿಸಲಿ: ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ಆದರೆ ಟೋಕಿಯೋದಲ್ಲಿ 1887ರಲ್ಲೇ, ಕೋಲ್ಕತ್ತದಲ್ಲಿ 1899ರಲ್ಲೇ ವಿದ್ಯುತ್ ಪೂರೈಕೆ ಆರಂಭವಾಗಿತ್ತು. ಹಾಗಾದರೆ ಬೆಂಗಳೂರಿನ ಬಗ್ಗೆ ಆಧಾರಸಹಿತವಾಗಿ ಎಷ್ಟು ಹೇಳಬಹುದು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿಸಿ. ಈ ವಾಕ್ಯವನ್ನು ಮತ್ತೆ ಮತ್ತೆ ತಿದ್ದುವಾಗಲೇ ನಿಜವಾದ ಕಲಿಕೆ ನಡೆಯುತ್ತದೆ, ಅವಸರ ಮಾಡಬಾರದು.

ಉತ್ತರದ ಜೊತೆಗೆ ಹುಡುಕಾಟದ ಟಿಪ್ಪಣಿಯನ್ನೂ ಕೇಳಿ. ಯಾವ ಪದಗಳಿಂದ ಹುಡುಕಿದರು, ಯಾವ ಆಕರವನ್ನು ಏಕೆ ಬಿಟ್ಟರು ಎಂಬುದು ಅದರಲ್ಲಿರಬೇಕು. ಹತ್ತು ಅಂಕಗಳಿದ್ದರೆ ನಾಲ್ಕನ್ನು ಇದಕ್ಕೆ ಮೀಸಲಿಡಿ. ಅಂಕವಿಲ್ಲದ ಟಿಪ್ಪಣಿಯನ್ನು ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ. ಚಾಟ್‌ಜಿಪಿಟಿಯಂಥ ಸಾಧನವನ್ನು ಬಳಸಿದ್ದರೆ, ಅದು ಹೆಸರಿಸಿದ ಪುಸ್ತಕ ನಿಜಕ್ಕೂ ಇದೆಯೇ ಎಂದು ಗ್ರಂಥಾಲಯದ ಸೂಚಿಯಲ್ಲಿ ನೋಡಿ ದಾಖಲಿಸಲಿ.

ಕನ್ನಡ ಮಾಧ್ಯಮದಿಂದ ಬಂದವರು ಎರಡೂ ಭಾಷೆಗಳಲ್ಲಿ ಹುಡುಕುವಂತೆ ಪ್ರೋತ್ಸಾಹಿಸಿ. ಇಂಗ್ಲಿಷಿನಲ್ಲಿ ಸಿಗದ ಸ್ಥಳೀಯ ವಿವರ ಕನ್ನಡದಲ್ಲಿ ಸಿಗುವುದುಂಟು, ಮತ್ತು ಅದನ್ನು ತರಗತಿಗೆ ತಂದುಕೊಡಬಲ್ಲವರು ಅವರೇ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆಗಳನ್ನು ಒದಗಿಸುವ ಎನ್‌-ಲಿಸ್ಟ್ ಯೋಜನೆಯ ಸದಸ್ಯತ್ವವನ್ನು ಕಾಲೇಜು ಪಡೆದಿದ್ದರೆ ಪ್ರತಿ ವಿದ್ಯಾರ್ಥಿಗೂ ಲಾಗಿನ್ ಕೊಡಿಸಿ, ಮೊದಲ ಲೇಖನವನ್ನು ಗ್ರಂಥಪಾಲಕರ ಎದುರಿನಲ್ಲೇ ತೆರೆಸಿ. ಹಳೆಯ ಪುಸ್ತಕಗಳಿಗಾಗಿ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೂ ಸಣ್ಣ ಗುಂಪುಗಳಲ್ಲಿ ಕಳುಹಿಸಬಹುದು.

ಮುಂದಿನ ಸೆಮಿಸ್ಟರಿನಲ್ಲಿ ಇದೇ ಕೆಲಸವನ್ನು ಬೇರೊಂದು ವಿಷಯದಲ್ಲಿ, ಕಡಿಮೆ ಸೂಚನೆಗಳೊಂದಿಗೆ ಕೊಡಿ. ಪರೀಕ್ಷಿಸಬೇಕಾದ ಹೇಳಿಕೆಯನ್ನು ಆಗ ವಿದ್ಯಾರ್ಥಿಗಳೇ ಆರಿಸಲಿ.